ಎಂಟನೆಯ ದಿನ ಹೆದರಿದವನು

ನಮ್ಮ ಮಗ ಸಂಕಾಲೆಯ ಸುನ್ನತಿಗೆ ಇನ್ನು ಎರಡು ತಿಂಗಳಿತ್ತು. ನಮ್ಮ ದನಗಾಹಿ ಕುಲದಲ್ಲಿ ಕತ್ತಿಯ ಮುಂದೆ ಕೂತ ಹುಡುಗ ರೆಪ್ಪೆ ಬಡಿದರೂ ಮುಗಿಯಿತು, ಹೆತ್ತವರು ತಲೆ ಎತ್ತುವ ಹಾಗಿಲ್ಲ. ನನ್ನ ಗಂಡ ಪರ್ಸಲೋಯ್‌ಗೆ ಮೂರು ಹೊತ್ತೂ ಅದೇ ಯೋಚನೆ. ಅಂಥದ್ದರಲ್ಲಿ ಅವನ ಜೊತೆಗಾರ ಕೊಯಿನೆಟ್ ಬಂದ. ಇಬ್ಬರೂ ಒಂದೇ ವರ್ಷ ಕತ್ತಿ ಕಂಡವರು. ಕೊಯಿನೆಟ್ ಈಗ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಾನೆ.

“ಮಗನಿಗೆ ಚುಚ್ಚುಮದ್ದು ಹಾಕಿಸಿದ್ಯೇನೋ?”

“ಹೋಗಯ್ಯ. ಜೋಮು ಹಿಡಿಸ್ಕೊಂಡು ಕೂತ್ರೆ ಅದೆಂಥ ಧೈರ್ಯ? ನಿನ್ನ ಧೈರ್ಯ ಯಾವ ಸೀಸೇದು ಅಂತ ಜೊತೆ ಹುಡುಗ್ರು ಸಾಯೋವರೆಗೂ ಕೇಳ್ತಾರೆ.”

ಹಠ ಹಿಡಿದರೆ ನನ್ನ ಗಂಡನಿಗಿಂತ ನಮ್ಮ ಕತ್ತೆಯೇ ಮೇಲು.

“ಅದು ಜೋಮು ಹಿಡಿಸೋ ಮದ್ದಲ್ಲ ಕಣೋ. ಧನುರ್ವಾಯು ಬರದಂಗೆ ತಡೆಯೋದು. ಕತ್ತಿ ನೋವು ಒಂಚೂರೂ ಕಮ್ಮಿ ಆಗಲ್ಲ, ತೋಳಿನ ನೋವು ಬೇರೆ ಸೇರ್ಕೊಳ್ಳುತ್ತೆ. ಬೇಕಾದ್ರೆ ನೀನೂ ಹಾಕಿಸ್ಕೊಂಡು ನೋಡು.”

“ಏನದು ಧನುರ್ವಾಯು?”

“ಮಣ್ಣಲ್ಲಿ, ಸೆಗಣೀಲಿ ಇರುತ್ತೆ. ಗಾಯದಿಂದ ಒಳಗೆ ಹೋಗುತ್ತೆ. ಒಂದು ವಾರ ಏನೂ ಗೊತ್ತಾಗಲ್ಲ. ಆಮೇಲೆ ದವಡೆ ಕಚ್ಕೊಂಡು ಹಾಲು ಕೂಡ ಇಳಿಯಲ್ಲ. ಸ್ವಲ್ಪ ಮುಟ್ಟಿದ್ರೂ ಮೈ ಬೆಚ್ಚಿಬಿದ್ದು ಬಿಲ್ಲಿನಂಗೆ ಬಗ್ಗುತ್ತೆ.”

ಮೂಲೆಯಲ್ಲಿ ಮಣಿ ಪೋಣಿಸುತ್ತಿದ್ದ ಅತ್ತೆಯ ಕೈ ನಿಂತಿತು.

“ಎಷ್ಟನೇ ದಿನಕ್ಕಪ್ಪ?”

“ಎಂಟೋ ಹತ್ತೋ ದಿನಕ್ಕೆ ಅವ್ವ.”

ಅತ್ತೆಯ ಹಿರಿಮಗನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಕತ್ತಿಯ ಮುಂದೆ ಅಲುಗಾಡದೆ ಕೂತಿದ್ದ ಹುಡುಗ ಎಂಟನೆಯ ದಿನ ಮುಟ್ಟಿದರೆ ಬೆಚ್ಚತೊಡಗಿದ, ದವಡೆ ಬಿಗಿದು ಸತ್ತ. ನುಂಗಿಕೊಂಡಿದ್ದ ಹೆದರಿಕೆ ತಡವಾಗಿ ಹೊರಬಂತು ಎಂದು ಜನ ಆಡಿಕೊಂಡರು. ಮೂವತ್ತು ವರ್ಷ ಅತ್ತೆ ಹೇಡಿಯ ತಾಯಿ ಎನಿಸಿಕೊಂಡೇ ಬದುಕಿದರು. ಆ ಕಳಂಕ ತೊಳೆಯಲಿಕ್ಕೇ ನನ್ನ ಗಂಡ ಮಗನ ಮೇಲೆ ಅಷ್ಟು ಬಿಗಿಯಾಗಿದ್ದ.

“ಹಂಗಾದ್ರೆ ನನ್ನ ದೊಡ್ಡವನು ಹೆದರಿರ್ಲಿಲ್ವಾ?”

“ಇಲ್ಲ ಅವ್ವ. ಅದು ರೋಗ. ಎಂಥ ಗಂಡೆದೆಯವನನ್ನೂ ಬಗ್ಗಿಸುತ್ತೆ.”

ಅತ್ತೆ ಅತ್ತರು. ಗಂಡಸರ ಎದುರು ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಪರ್ಸಲೋಯ್ ಎದ್ದು ತಾಯಿಯ ಪಕ್ಕಕ್ಕೆ ಹೋಗಿ ಕೂತ.

“ಯಾವಾಗ ಕರ್ಕೊಂಡು ಬರ್ಲಿ?” ಎಂದು ಕೊಯಿನೆಟ್‌ನನ್ನು ಕೇಳಿದ.

“ನಾಳೇನೇ. ತಿಂಗಳು ಬಿಟ್ಟು ಇನ್ನೊಂದು ಹಾಕ್ತೀವಿ. ಅದಾಗಿ ಎರಡು ವಾರ ಕಳೀಲಿ, ಆಮೇಲೆ ಕತ್ತಿ. ಅದೂ ಹೊಸದಿರ್ಬೇಕು, ಇವನೊಬ್ಬನಿಗೇ. ಗಾಯಕ್ಕೆ ಬೂದಿ, ಸೆಗಣಿ ತಾಗಿಸ್ಬೇಡಿ. ರಕ್ತ ನಿಲ್ಲದಿದ್ರೆ, ಜ್ವರ ಬಂದ್ರೆ ಮುಚ್ಚಿಡದೆ ಕೇಂದ್ರಕ್ಕೆ ಕರ್ಕೊಂಡು ಬಾ. ಕತ್ತಿ ಕೆಲಸ ಮುಗಿದ ಮೇಲೆ ನೋವು ಹೇಳ್ಕೊಂಡ್ರೆ ಯಾರ ಮರ್ಯಾದೇನೂ ಹೋಗಲ್ಲ.”

ಎರಡು ಸಲವೂ ಚುಚ್ಚುಮದ್ದು ಹಾಕಿಸಿದ್ದಾಯಿತು, ಆ ದಿನವೂ ಬಂತು. ಸಂಕಾಲೆ ತಣ್ಣೀರಲ್ಲಿ ಮಿಂದು ಹಸುವಿನ ತೊಗಲಿನ ಮೇಲೆ ಕೂತ. ರೆಪ್ಪೆ ಬಡಿಯಲಿಲ್ಲ ಎಂದು ಗಂಡಸರು ಬಂದು ಹೇಳಿದರು.

ಎಂಟನೆಯ ದಿನ ಅತ್ತೆ ಬೆಳಿಗ್ಗೆಯಿಂದ ಅವನ ಮಗ್ಗುಲು ಬಿಡಲಿಲ್ಲ.

“ಅಜ್ಜಿ, ಹಸಿವು,” ಎಂದ ಹುಡುಗ.

ಅತ್ತೆ ಸೋರೆಬುರುಡೆಯಲ್ಲಿ ಹಾಲು ಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಅವನ ಗಂಟಲನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಮುಳ್ಳುಬೇಲಿಯ ಹತ್ತಿರ ಹೋಗಿ ಅಲ್ಲಿದ್ದ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದರು:

“ನನ್ನ ದೊಡ್ಡವನು ಹೇಡಿ ಅಲ್ಲ. ಅವನಿಗೆ ಬಂದಿದ್ದು ರೋಗ.”



ನಿಮ್ಮ ಮನೆಯಲ್ಲೂ ಕತ್ತಿಗೆ ಕೂರುವ ಹುಡುಗನಿದ್ದರೆ ಎರಡು ತಿಂಗಳ ಮುಂಚೆಯೇ ಚುಚ್ಚುಮದ್ದು ಹಾಕಿಸಿ. ಅವನ ಧೈರ್ಯ ಅವನದಾಗಿಯೇ ಉಳಿಯುತ್ತದೆ, ಅವನೂ ಉಳಿಯುತ್ತಾನೆ. ಇದನ್ನು ನನ್ನ ಅತ್ತೆಗೆ ಹೇಳಲು ಮೂವತ್ತು ವರ್ಷ ಯಾರೂ ಬರಲಿಲ್ಲ. ನಿಮಗೆ ಈಗಲೇ ಹೇಳಿಯಾಗಿದೆ.