ನೀಲಿ ಕಣ್ಣಿನ ಮುನೇಶ್ವರ

ಟೋಪಿಯಿಂದ ಇಳಿದ ನೀರಿನ ಹನಿ ಅವನ ಗುಲಾಬಿ ಕೆನ್ನೆಯ ಮೇಲೆ ಹರಿದು ಮೀಸೆಯ ತುದಿಯಲ್ಲಿ ನಿಂತಿದೆ, ಇನ್ನೂ ಬಿದ್ದಿಲ್ಲ, ಹೂವೂ ಬಿದ್ದಿಲ್ಲ, ಒದ್ದೆ ಕಣಗಿಲೆ ಟೋಪಿಯ ನೆತ್ತಿಗೆ ಅಂಟಿಕೊಂಡಿದೆ, ವನಿತಾ ಉಸಿರು ಬಿಗಿಹಿಡಿದು ಕೂತಿದ್ದಾಳೆ, ಒಳಗೆ ಕರ್ಪೂರದ ಹೊಗೆ, ಹೊರಗೆ ತಣಿಸಂದ್ರ ರಸ್ತೆಯ ಹಾರ್ನು — ದೇವರಂತೆ ದೇವರು, ಮಂಡಿಯವರೆಗೆ ಬೂಟು ಹಾಕಿಕೊಂಡ ದೇವರು, ಮೊಳದುದ್ದದ ಪಿಂಗಾಣಿ ಗೊಂಬೆ, ಹೆಬ್ಬಾಳದಲ್ಲಿ ಯಾವನೋ ದೊರೆಯ ಹಳೇ ಬಂಗಲೆ ಕೆಡವುವ ಕೆಲಸ ಮಾವ ಚಿಕ್ಕಬೈರಪ್ಪನವರಿಗೆ ಸಿಕ್ಕಾಗ ಕುಸಿದ ಮಾಡಿನಡಿಯಿಂದ ಒಂದು ಚೂರೂ ಮುಕ್ಕಾಗದೆ ಎದ್ದುಬಂದವನು, ಮೀಸೆ ಇದೆ, ಎತ್ತಿದ ಕತ್ತಿ ಇದೆ, ಇನ್ನೇನು ಬೇಕು, ಅತ್ತೆ ಲಕ್ಷ್ಮಿದೇವಮ್ಮ ನೋಡಿದ್ದೇ ಕೈಮುಗಿದರಂತೆ, ನಮ್ಮೊಲದ ಮುನೇಸ್ವರನೇ ಕಣ್ರೀ, ಗುಡಿ ಜಾಗ ಅಪಾರ್ಟ್‌ಮೆಂಟಿಗೆ ಓಯ್ತಲ್ಲ, ಅದ್ಕೇ ಮನೆಗೇ ಬಂದವ್ನೆ. ಮದುವೆಯಾಗಿ ಬಂದ ಹೊಸದರಲ್ಲಿ ಅವನನ್ನು ತೊಳೆಯುವಾಗ ಪೀಠದಡಿ ನೀಲಿ ಅಕ್ಷರ ಕಂಡು ವನಿತಾ ಫೋನಿನಲ್ಲಿ ಹುಡುಕಿದ್ದಳು, ಹಂಗೇರಿ ಕಡೆಯ ಕುದುರೆ ಸಿಪಾಯಿ ಎಂದು ಬಂತು, ಗಂಡ ಯಶವಂತನಿಗೆ ತೋರಿಸಿದರೆ ಅವನು ತಲೆ ಎತ್ತದೆ, ಗೊತ್ತು ಕಣೆ, ಅಪ್ಪಂಗೂ ಗೊತ್ತು, ಸುಮ್ನಿರು — ಎಲ್ಲರಿಗೂ ಗೊತ್ತು, ಎಲ್ಲರೂ ಸುಮ್ಮನಿದ್ದಾರೆ, ಗೊತ್ತಿದ್ದೂ ಅಡ್ಡಬೀಳುವವರ ಮಧ್ಯೆ ಅವಳೊಬ್ಬಳು ಏನು ಕಿಸಿಯಬಲ್ಲಳು.

ಈ ಮನೆಯಲ್ಲಿ ಸೈಟು ಕೊಳ್ಳುವುದಿರಲಿ, ಹೆಣ್ಣು ಕೊಡುವುದಿರಲಿ, ಹೂವು ಕೇಳದೆ ಒಂದು ಹೆಜ್ಜೆ ಇಡುವಂತಿಲ್ಲ, ದೇವರ ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ, ಸಿಪಾಯಿಯೋ ಕತ್ತಿ ಎತ್ತಿದ ಭರದಲ್ಲಿ ಎಡಕ್ಕೆ ವಾಲಿಯೇ ಹುಟ್ಟಿದವನು, ನುಣ್ಣನೆ ಮೈ, ಹೂವು ಎಡಕ್ಕಲ್ಲದೆ ಇನ್ನೆಲ್ಲಿಗೆ ಜಾರೀತು, ಯಲಹಂಕದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ, ಮದುವೆಗೆ ಮುಂಚೆ ಮಾಡುತ್ತಿದ್ದ ಅದೇ ಕೆಲಸ, ಮತ್ತೆ ಹೋಗಲಾ ಎಂದು ಅವಳು ಕೇಳಿದಾಗಲೆಲ್ಲ ಎಡಕ್ಕೆ, ಸ್ವಾಮಿ ಒಪ್ಪಲಿಲ್ಲ ಕಣವ್ವ ಎಂದು ಅತ್ತೆ ಪಾಪ ಮರುಗುತ್ತಾರೆ ಕೂಡ, ಸಿಟ್ಟು ಮಾಡೋಣವೆಂದರೆ ಯಾರ ಮೇಲೆ, ಆ ನೀಲಿ ಕಣ್ಣಿನ ಮೇಲೆಯೇ. ಆಸ್ಪತ್ರೆಯವರು ಮತ್ತೆ ಕರೆದಿದ್ದಾರೆ, ಇನ್ನು ಕರೆಯುವುದಿಲ್ಲ ಎಂದೂ ಹೇಳಿದ್ದಾರೆ, ಅದಕ್ಕೇ ಇವತ್ತು ಬೆಳಿಗ್ಗೆ ಅಲಂಕಾರ ಮಾಡುವಾಗ ಊದುಬತ್ತಿ ಪೊಟ್ಟಣದ ರಟ್ಟು ಮಡಿಸಿ ಪೀಠದಡಿ ಎಡಗಡೆ ಸಿಕ್ಕಿಸಿ ಅವನನ್ನು ತುಸು ಬಲಕ್ಕೆ ವಾಲಿಸಿದಳು, ರೇಷ್ಮೆ ತುಂಡು ಮುಚ್ಚಿದಳು, ಒಬ್ಬಳೇ ಇದ್ದಾಗ ಹೂವಿಟ್ಟು ನೋಡಿದಳು, ಬಲಕ್ಕೆ ಬಿತ್ತು, ನಗು ಬಂತು, ನಿಜವಾಗಿ ಖುಷಿಯಾಯಿತು. ಆಮೇಲೆ ಎಲ್ಲರೂ ಬಂದು ಕೂತರು, ಕರ್ಪೂರ ಹಚ್ಚಿದರು, ಅತ್ತೆ ಹೂವನ್ನು ನೀರಲ್ಲಿ ಅದ್ದಿ, ಅವಳ ಕೆಲಸದ ಮಾತು ಎತ್ತದೆ, ಅಪ್ಪಾ ಮುನೇಸ್ವರ, ನಮ್ಮ ಮೋನಿಕಾನ ಆ ಅಬ್ಬಿಗೆರೆ ಮನೆಗೆ ಕೊಡಬೌದಾ, ಬಲಕ್ಕೆ ಕೊಡಪ್ಪ ಎಂದು ನೆತ್ತಿಗಿಟ್ಟರು — ಪಕ್ಕದಲ್ಲಿ ಕೂತ ನಾದಿನಿ ಮೋನಿಕಾ ಅವಳ ಕೈ ಹಿಡಿದಳು, ಆ ಸಂಬಂಧ ಸುತರಾಂ ಬೇಡ ಎಂದು ಹದಿನೈದು ದಿನದಿಂದ ಅನ್ನ ಬಿಟ್ಟು ಅತ್ತ ಹುಡುಗಿ, ಈಗ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ಅತ್ಗೆ, ನಂಗೇನ್ ಭಯ ಇಲ್ಲ, ಅವನು ಯಾವತ್ತೂ ಎಡಕ್ಕೇ ತಾನೇ ಕೊಡೋದು.

ಹೇಳಿಬಿಡಬೇಕು, ರಟ್ಟಿದೆ ಎನ್ನಬೇಕು, ಕೈ ಚಾಚಿ ಎಳೆದುಬಿಡಬೇಕು, ಎಳೆದರೆ ದೇವರ ಪೀಠಕ್ಕೆ ಕೈಹಾಕಿದವಳು ಎಂದಾಗುತ್ತದೆ, ಕೆಲಸ ಹಾಗಿರಲಿ, ಮನೆಯಲ್ಲೂ ಇರಗೊಡರು, ಇದು ಬರೀ ಗೊಂಬೆ ಎಂದರೆ ಯಶವಂತ ಬಾಯಿ ಬಿಡುವುದಿಲ್ಲ, ಮಾವನೂ ಬಿಡುವುದಿಲ್ಲ, ಹನಿ ಬಿತ್ತು, ಹೂವು ಅಲುಗಿತು, ಭುಜ ಸವರಿ ಬಿತ್ತು. ಬಲಕ್ಕೆ. ಗಂಟೆ ಬಾರಿಸುತ್ತಿದ್ದಾರೆ, ಅಬ್ಬಿಗೆರೆಗೆ ಫೋನ್ ಮಾಡು ಎನ್ನುತ್ತಿದ್ದಾರೆ ಮಾವ, ಹಿಡಿದಿದ್ದ ಬೆರಳು ಒಂದೊಂದಾಗಿ ಸಡಿಲವಾಗುತ್ತಿದೆ, ಮೋನಿಕಾ ಅಳುತ್ತಿಲ್ಲ, ಗೊಂಬೆಯನ್ನೇ ನೋಡುತ್ತಿದ್ದಾಳೆ, ಈಗ, ಈಗಲಾದರೂ, ಅಷ್ಟರಲ್ಲಿ ಅತ್ತೆ ಇನ್ನೊಂದು ಹೂವು ಅದ್ದಿ, ಕಣ್ಣಲ್ಲಿ ನೀರು ತುಂಬಿಕೊಂಡು, ಸ್ವಾಮಿ ಇವತ್ತು ಒಳ್ಳೆ ಮನಸ್ಸಲ್ಲವ್ನೆ ಕಣವ್ವ, ನಿನ್ ಕೆಲಸದ್ದೂ ಕೇಳ್ಬುಡ್ತೀನಿ — ಇಟ್ಟೇಬಿಟ್ಟರು, ಹೇಳಿದರೆ ಮೋನಿಕಾ ಉಳಿಯುತ್ತಾಳೆ, ಹೇಳದಿದ್ದರೆ ನಾನು, ಬಾಯಿ ತೆರೆಯಬೇಕು, ಅದು ಬೀಳುವ ಮೊದಲು, ನುಣ್ಣನೆ ಟೋಪಿಯ ಮೇಲೆ ಒದ್ದೆ ಹೂವು, ಬಲಕ್ಕೆ ಜಾರುತ್ತಿದೆ, ಒದ್ದೆ ಹೂವು, ಬಲಕ್ಕೆ