ಹಾಲಿನಿಂದ ತೊಳೆಯದ ದೂಳು

ಮೇ ತಿಂಗಳ ಬಿಸಿಲಲ್ಲೂ ಹಸಿಂತೋನ ಬೆರಳುಗಳು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತಿದ್ದವು. ಮೆಟ್ಟಿಲು ಹತ್ತಿದರೆ ಏದುಸಿರು. ಹೆಂಡತಿ ಕರ್ಮೇಲಾ ದಿನಾ ದೊಡ್ಡ ಲೋಟದ ತುಂಬ ಹಾಲು ಕೊಡುತ್ತಿದ್ದಳು. ಹಾಲು ಕುಡಿದರೆ ಎದೆಯೊಳಗಿನ ದೂಳು ತೊಳೆದುಹೋಗುತ್ತದೆ ಎಂದು ಸ್ಪೇನ್ ದೇಶದ ಅಂಡಲೂಸಿಯಾದ ಆ ಊರಲ್ಲಿ ಎಲ್ಲರೂ ನಂಬಿದ್ದರು.

ಹಸಿಂತೋ ಇಪ್ಪತ್ತು ವರ್ಷದಿಂದ ಅಡುಗೆಕಟ್ಟೆಗೆ ಕೃತಕ ಕಲ್ಲು ಕೊಯ್ಯುವವನು. ಕಲ್ಲುಪುಡಿಯನ್ನು ಅಂಟಿನಲ್ಲಿ ಕಲಸಿ ಎರಕ ಹೊಯ್ದ ಹಲಗೆ ಅದು. ಹೋದ ವರ್ಷ ಮಗಳು ನೀವೆಸ್‌ಳನ್ನೂ ಕರ್ಮೇಲಾಳೇ ಹಟಹಿಡಿದು ಅದೇ ಕೆಲಸಕ್ಕೆ ಸೇರಿಸಿದ್ದಳು. ಈಗ ಹುಡುಗಿಯ ಕುತ್ತಿಗೆ, ಮಣಿಕಟ್ಟಿನ ತುಂಬ ಕೆಂಪು ಗಂಧೆ ಎದ್ದಿತ್ತು. ಗಾಬರಿಯಾದ ಕರ್ಮೇಲಾ ನರ್ಸ್ ಅಡೆಲಾಳನ್ನು ಕರೆಸಿದಳು. ಅಡೆಲಾ ಹಸಿಂತೋನ ಜೊತೆಯಲ್ಲೇ ಶಾಲೆ ಕಲಿತವಳು.

"ಬಾರಮ್ಮ ತಾಯಿ! ಬೆವರುಸಾಲೆಗೂ ಆಂಬುಲೆನ್ಸ್ ತಂದ್ಯಾ?" ಎಂದು ಹಸಿಂತೋ ಛೇಡಿಸಿದ.

"ಬೆವರುಸಾಲೆ ಅಲ್ಲ ಕಣೋ, ಆ ಅಂಟಿನ ಅಲರ್ಜಿ. ಇವಳ ಮೈಗೆ ಅದು ಆಗಿಬರಲ್ಲ. ಎಲ್ಲಿ, ನಿನ್ನ ಕೈ ತೋರ್ಸು." ಬೆರಳು ನೋಡಿದ ಅಡೆಲಾಳ ಮುಖ ಕಪ್ಪಿಟ್ಟಿತು. "ನೀರು ಬಿಡದೆ ಒಣ ಕಲ್ಲನ್ನೇ ಕೊಯ್ತೀರಾ?"

"ಗಿರಾಕಿ ಮನೇಲಿ ಸಿಂಕಿಗೆ ತೂತು ಕೊರೀವಾಗ ನೀರು ಬಿಟ್ರೆ ಆ ಯಮ್ಮ ನನ್ನನ್ನೇ ನೆಲ ಒರೆಸೋ ಬಟ್ಟೆ ಮಾಡ್ತಾಳೆ! ಹಾಲು ಕುಡೀತೀನಲ್ಲ, ಸಾಕು ಬಿಡು."

"ಹಾಲು ಹೋಗೋದು ಹೊಟ್ಟೆಗೆ, ದೂಳು ಹೋಗಿರೋದು ಶ್ವಾಸಕೋಶಕ್ಕೆ! ದಪ್ಪ ದೂಳು ಮೂಗಲ್ಲೇ ನಿಲ್ಲತ್ತೆ. ಕಣ್ಣಿಗೇ ಕಾಣದ ನ್ಯಾನೋ ಕಣ ತಳದವರೆಗೂ ಇಳಿಯತ್ತೆ. ಮೈ ಕಾಯೋ ಜೀವಕೋಶಗಳು ಅದನ್ನ ನುಂಗಕ್ಕೆ ಹೋಗಿ ತಾವೇ ಸಾಯ್ತವೆ. ಆ ಜಾಗ ಗಾಯ ಆಗಿ ಗಟ್ಟಿಯಾಗತ್ತೆ. ಕೆಲವರಿಗಂತೂ ಆ ಕಾವಲೇ ದಿಕ್ಕುತಪ್ಪಿ ಸ್ವಂತ ಮೈ ಮೇಲೇ ತಿರುಗಿ ಬೀಳತ್ತೆ. ನಿನ್ನ ಬೆರಳು ಬಿಳಿಚೋದು ಅದಕ್ಕೇ ಇರಬೇಕು ಅಂತ ನಂಗೆ ಭಯ. ನಾಳೆನೇ ಇಬ್ರೂ ಸ್ಕ್ಯಾನ್ ಮಾಡಿಸ್ಕೊಳ್ಳಿ."

"ಸುಮ್ನೆ ಹೆದರಿಸ್ಬೇಡ" ಎಂದ ಹಸಿಂತೋ. ಆದರೂ ಕರ್ಮೇಲಾಳ ಕಾಟ ತಾಳದೆ ಮಗಳ ಜೊತೆ ಸ್ಕ್ಯಾನ್‌ಗೆ ಹೋದ.

ಅಡೆಲಾ ಹೇಳಿದ್ದು ನಿಜವಾಯಿತು. ಅವನ ಎರಡೂ ಶ್ವಾಸಕೋಶ ಕಲೆಗಟ್ಟಿದ್ದವು, ಅವನ್ನು ಹಿಂದಿನಂತೆ ಮಾಡುವ ಔಷಧಿ ಇಲ್ಲ ಎಂದರು ಡಾಕ್ಟರು. ನೀವೆಸ್‌ಳ ಎದೆ ಇನ್ನೂ ಚೆನ್ನಾಗಿತ್ತು. ಕರ್ಮೇಲಾ ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದಳು. "ನನ್ನ ಕೈಯಾರೆ ಮಗಳನ್ನೂ ಅಲ್ಲಿಗೆ ತಳ್ಳಿದ್ನಲ್ಲ!" ಎಂದು ತಲೆ ಚಚ್ಚಿಕೊಂಡಳು.

"ಈ ವಾರದ ಕೆಲಸ ಒಪ್ಕೊಂಡಿದ್ದೀನಿ, ಮುಗಿಸಿ ಬಿಡ್ತೀನಿ ಅಪ್ಪಾ" ಎಂದಳು ನೀವೆಸ್.

ಹಸಿಂತೋ ಅವಳ ಕೈಯನ್ನು ತನ್ನ ಎದೆಯ ಮೇಲೆ ಒತ್ತಿ ಹಿಡಿದ. ಮುಂದಿನ ನಾಲ್ಕು ಮಾತು ಹೇಳಲು ಅವನಿಗೆ ಮೂರು ಸಲ ಉಸಿರೆಳೆಯಬೇಕಾಯಿತು. "ಒಂದು ದಿನಾನೂ ಬೇಡ... ಕಂದಾ... ನಂದು ಮುಗೀತು." ನೀವೆಸ್ ಮತ್ತೆ ಅಲ್ಲಿಗೆ ಹೋಗಲಿಲ್ಲ.

ಕಲ್ಲು, ಟೈಲ್ಸ್ ಕೊಯ್ಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಒಣ ಕಲ್ಲನ್ನು ಹಾಗೇ ಕೊಯ್ಯಬೇಡಿ. ನೀರು ಹಾಯಿಸಿ, ದೂಳು ಎಳೆಯುವ ಯಂತ್ರವನ್ನು ಮಾಲೀಕರಿಂದ ಕೇಳಿ ಪಡೆಯಿರಿ. ಬಾಯಿಗೆ ಕಟ್ಟಿದ ಕರವಸ್ತ್ರ ಏನೂ ತಡೆಯುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ, ಸೂಕ್ಷ್ಮ ದೂಳು ತಡೆಯುವ ಮಾಸ್ಕ್ ಬೇಕು. ಕೆಲಸದ ಬಟ್ಟೆಯನ್ನು ಮನೆಗೆ ತಂದು ಕೊಡವಬೇಡಿ. ಕೆಮ್ಮು ಬರುವವರೆಗೆ ಕಾಯದೆ ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಮಾಡಿಸಿ. ಹಸಿಂತೋಗೆ ಈಗ ನಲವತ್ತೇಳು ವರ್ಷ. ಹಾಸಿಗೆಯಿಂದ ಬಾಗಿಲಿಗೆ ನಡೆಯುವಷ್ಟರಲ್ಲಿ ಎರಡು ಸಲ ಕೂರುತ್ತಾನೆ.