ಕನ್ನಡಿಗೂ ಸಿಗದ ಕಣ್ಣಿನ ನೆಗೆತ

ಆ ಕ್ಷೌರಿಕನ ಕತ್ತರಿಯ ಸದ್ದು ಕೇಳಿದರೆ ಪಕ್ಕದ ಬೀದಿಯ ಗಡ್ಡಗಳು ತಾವಾಗಿಯೇ ಉದುರುತ್ತಿದ್ದವು. ಸುಳ್ಳೆನ್ನುವವರು ಗಡ್ಡ ಬಿಟ್ಟುಕೊಂಡೇ ಇರಲಿ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನೊಬ್ಬನೇ. ಆಕಳಿಸಿದರೆ ಅಂಗಡಿಯ ಎದುರುಬದುರು ಕನ್ನಡಿಗಳಲ್ಲಿ ನೂರು ಜನ ಆಕಳಿಸುತ್ತಿದ್ದರು. "ಊಟ ಆಯ್ತಾ" ಎನ್ನಲು ಮಾತ್ರ ಒಬ್ಬರೂ ಇರಲಿಲ್ಲ.

ಅಂದು ಬೆಳಿಗ್ಗೆ ಏಳುತ್ತಲೇ ಭೂಮಿ ಗಿರ್ರನೆ ತಿರುಗಿತು. ಗೋಡೆ ಹಿಡಿದು ಅಂಗಡಿಗೆ ಬಂದ. ಬಾಚಣಿಗೆಗೆ ಕೈ ಹಾಕಿದರೆ ಸೋಪಿನ ಬಟ್ಟಲು ಉರುಳಿತು. ಮೊದಲ ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಓಡಿದ. ಅದನ್ನು ಕಂಡು ಎದುರುಮನೆಯ ನರ್ಸ್ ಬಂದಳು.

"ಏನಣ್ಣ, ಗೋಡೆ ಬೀಳದ ಹಾಗೆ ಹಿಡ್ಕೊಂಡಿದ್ದೀಯಾ?"

"ಪಿತ್ತ ಕಣಮ್ಮ. ಮಲಗಿದ್ರೆ ಸರಿಹೋಗುತ್ತೆ."

"ತಲೆ ಆಡಿಸ್ದೆ ನನ್ನ ಮೂಗು ನೋಡು. ಈಗ ಪಕ್ಕದಲ್ಲಿರೋ ಈ ಬೆರಳು ನೋಡು."

ಅವನ ಕಣ್ಣು ಬೆರಳನ್ನು ದಾಟಿ ಹೋಗಿ, ನಿಲ್ದಾಣ ಮರೆತ ಬಸ್ಸಿನಂತೆ ಹಿಂದಕ್ಕೆ ಬಂತು. ಪ್ರತಿ ಸಲವೂ ಅದೇ.

"ಕಣ್ಣು ಗುರಿ ತಪ್ತಿದೆ, ಅಣ್ಣ."

"ನನಗೇ ಹೇಳ್ತೀಯಾ? ಮೂವತ್ತು ವರ್ಷದಿಂದ ಕನ್ನಡಿ ಮುಂದೆ ನಿಂತವನು ನಾನು. ಈಗಷ್ಟೇ ನೋಡ್ಕೊಂಡೆ, ಅಲುಗಾಟಾನೇ ಇಲ್ಲ."

"ಸರಿ, ಕನ್ನಡಿಯಲ್ಲಿ ನಿನ್ನ ಎಡಗಣ್ಣು ನೋಡು, ಆಮೇಲೆ ಬಲಗಣ್ಣು. ಕಣ್ಣು ಹೊರಳಿದ್ದು ಕಾಣ್ತಾ?"

ನಾಲ್ಕು ಸಲ ನೋಡಿದ. ಕಾಣಲಿಲ್ಲ.

"ಯಾರಿಗೂ ಕಾಣಲ್ಲ. ಕಣ್ಣು ನೆಗೆಯೋ ಆ ಗಳಿಗೆ ಅದು ಇದ್ದೂ ಕುರುಡು. ಎಷ್ಟು ದೂರ ನೆಗೀಬೇಕು ಅಂತ ಮೆದುಳು ಮೊದಲೇ ಅಳೆದು ಕಳಿಸುತ್ತೆ, ನಡುವೆ ನೋಡಿ ತಿದ್ದೋಕೆ ಪುರುಸೊತ್ತಿಲ್ಲ. ಆ ಅಳತೆ ಕಾಯೋದು ತಲೆ ಹಿಂಭಾಗದ ಕಿರುಮೆದುಳು. ಅಲ್ಲಿಗೆ ರಕ್ತ ಹರಿಯೋದು ನಿಂತ್ರೆ ಕಣ್ಣು, ಕೈ, ಕಾಲು ಎಲ್ಲದರ ಅಳತೆ ಕೆಡುತ್ತೆ. ಪಾರ್ಶ್ವವಾಯು ಇರಬಹುದು. ಏಳು, ಆಸ್ಪತ್ರೆಗೆ."

"ಅಂದ್ರೆ ನನ್ನ ಕಣ್ಣು ನನಗೇ ಗೊತ್ತಾಗಲ್ವಾ?"

"ಇಲ್ಲ. ಇನ್ನೊಬ್ರು ನೋಡ್ಬೇಕು."

ಕ್ಷೌರಿಕ ಕನ್ನಡಿಯಿಂದ ಮುಖ ತಿರುಗಿಸಿದ. "ಇಲ್ಲಿ ಬರೋರೆಲ್ಲ ಕನ್ನಡಿಯಲ್ಲಿ ತಮ್ಮ ಮುಖ ನೋಡ್ಕೊಂಡು ಹೋಗ್ತಾರಮ್ಮ. ನನ್ನ ಕಣ್ಣು ಯಾರಾದ್ರೂ ನೋಡಿ ಮೂರು ವರ್ಷ ಆಯ್ತು."

ಅವಳು ತೋಳು ಕೊಟ್ಟಳು. ಅವನು ಹಿಡಿದುಕೊಂಡ. ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ವೈದ್ಯರು, "ಪಾರ್ಶ್ವವಾಯುವೇ. ಮಲಗಿಬಿಟ್ಟಿದ್ದರೆ ಕೈಮೀರುತ್ತಿತ್ತು" ಎಂದರು.

ಬಂಧುಗಳೇ, ಇದ್ದಕ್ಕಿದ್ದಂತೆ ತಲೆ ಸುತ್ತಿ ನಡಿಗೆ ತೂರಾಡಿದರೆ, ಒಂದು ಎರಡಾಗಿ ಕಂಡರೆ, ಪಿತ್ತವೆಂದು ಮಲಗಬೇಡಿ. ಕಣ್ಣು ನೆಟ್ಟಗಿದೆ ಅನ್ನಿಸಿದರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಮ್ಮ ಬೀದಿಯಲ್ಲಿ ಒಂಟಿಯಾಗಿ ಇರುವವರ ಬಾಗಿಲನ್ನು ದಿನಕ್ಕೊಮ್ಮೆ ತಟ್ಟಿ. ಮಾತಾಡುವಾಗ ಅವರ ಕಣ್ಣು ನೋಡಿ. ಆ ಒಂದು ಕೆಲಸ ಅವರು ತಾವಾಗಿ ಮಾಡಿಕೊಳ್ಳಲಾರರು.